ಒಂದೇ ಸ್ಪೆಲ್‌ಗೆ ಕಾಳಗ ಮುಗಿದರೆ ಡಿಎಂ ಏನು ಮಾಡಬೇಕು? ದಾರಿಗಳ ಹೋಲಿಕೆ

ಡಂಜನ್ಸ್ ಅಂಡ್ ಡ್ರಾಗನ್ಸ್ ಅಂದರೆ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಹಾಕಿ ಕಥೆ ಕಟ್ಟುವ ಆಟ. ಕಥೆಯನ್ನೂ ಎದುರಾಳಿಗಳನ್ನೂ ನಡೆಸುವವರು ಡಿಎಂ, ಅಂದರೆ ಡಂಜನ್ ಮಾಸ್ಟರ್. ಪಾತ್ರಗಳು ಐದನೇ ಲೆವೆಲ್‌ಗೆ ಬಂದ ಹೊತ್ತಿಗೆ ಡಿಎಂಗಳಿಗೆಲ್ಲ ಈ ತಲೆಬಿಸಿ ಶುರುವಾಗುತ್ತದೆ. ನಾಲ್ಕು ಓಗರ್‌ಗಳನ್ನಿಟ್ಟು (ದೊಡ್ಡ ದಡ್ಡ ರಾಕ್ಷಸರು) ಒಂದು ಒಳ್ಳೆಯ ಕಾಳಗ ಕಟ್ಟಿರುತ್ತೀರಿ. ತಂಡದ ಮಾಂತ್ರಿಕ, ಅಂದರೆ ವಿಝಾರ್ಡ್, ತನ್ನ ಮೊದಲ ಟರ್ನ್‌ನಲ್ಲೇ ಹಿಪ್ನಾಟಿಕ್ ಪ್ಯಾಟರ್ನ್ ಎಂಬ ಮಂಕು ಹಿಡಿಸುವ ಸ್ಪೆಲ್ (ಮಂತ್ರ) ಹಾಕುತ್ತಾನೆ. ಲೆಕ್ಕ ನೋಡಿ, ಐದನೇ ಎಡಿಷನ್‌ನ 2014ರ ನಿಯಮದ್ದು. ಇಂಟೆಲಿಜೆನ್ಸ್ 18 ಇರುವ ಐದನೇ ಲೆವೆಲ್ ವಿಝಾರ್ಡ್‌ನ ಸೇವ್ ಡಿಸಿ, ಅಂದರೆ ಸ್ಪೆಲ್‌ನಿಂದ ತಪ್ಪಿಸಿಕೊಳ್ಳಲು ಎದುರಾಳಿ ಡೈಸ್ ಹಾಕಿ ಮುಟ್ಟಬೇಕಾದ ಅಂಕಿ, 15. ಓಗರ್‌ನ ವಿಸ್ಡಮ್ 7, ಅಂದರೆ ಸೇವ್‌ಗೆ ಮೈನಸ್ 2. ಇಪ್ಪತ್ತು ಮುಖದ ಡೈಸ್‌ನಲ್ಲಿ 17 ಅಥವಾ ಅದಕ್ಕಿಂತ ಮೇಲೆ ಬಿದ್ದರೆ ಮಾತ್ರ ಬಚಾವ್. ನೂರಕ್ಕೆ 80 ಸಲ ಸೋಲು. ನಾಲ್ಕರಲ್ಲಿ ಮೂರು ಓಗರ್ ಕಣ್ಣು ಬಿಟ್ಟುಕೊಂಡು ನಿಂತಲ್ಲೇ ನಿಲ್ಲುತ್ತವೆ. ಉಳಿದ ಒಂದರ ಮೇಲೆ ಎಲ್ಲರೂ ಮುಗಿಬೀಳುತ್ತಾರೆ.

ಇಂಥ ತಂತ್ರಗಳು ಒಂದೆರಡಲ್ಲ. ಎಂಟು ತೋಳಗಳನ್ನು ಮಂತ್ರದಿಂದ ಕರೆಸುವ ಡ್ರೂಯಿಡ್ (ಕಾಡಿನ ಮಾಂತ್ರಿಕೆ), 600 ಅಡಿ ದೂರದಿಂದ ಬಾಣ ಬಿಡುವ ಬಿಲ್ಲುಗಾರ, ಪ್ರತಿ ಕಾಳಗ ಮುಗಿದ ಕೂಡಲೇ ಮಂತ್ರದ ಗುಮ್ಮಟ ಕಟ್ಟಿ ಮಲಗುವ ತಂಡ. ಇವುಗಳನ್ನು ನಿಭಾಯಿಸಲು ಡಿಎಂ ಕೈಯಲ್ಲಿ ಹಲವು ದಾರಿಗಳಿವೆ. ಎಲ್ಲದಕ್ಕೂ ಒಂದೊಂದು ಬೆಲೆ ಇದೆ. ಆ ಬೆಲೆಯನ್ನು ಪಕ್ಕಪಕ್ಕ ಇಟ್ಟು ನೋಡೋಣ.

ನಾನು ಇದನ್ನು ಕಾಸರಗೋಡಿನ ಕಡೆಯಿಂದ ಬರೆಯುತ್ತಿದ್ದೇನೆ. ಇದಕ್ಕೂ ವಿಷಯಕ್ಕೂ ಸಂಬಂಧ ಇದೆ. ದೊಡ್ಡ ಪೇಟೆಯಲ್ಲಿ ಒಬ್ಬ ಆಟಗಾರ ಸಿಟ್ಟು ಮಾಡಿ ಎದ್ದು ಹೋದರೆ ಇನ್ನೊಬ್ಬ ಸಿಗುತ್ತಾನೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಬದಿಯಲ್ಲಿ ಒಬ್ಬ ಎದ್ದರೆ ಆಟವೇ ನಿಲ್ಲುತ್ತದೆ. ಹಾಗೆ ಎದ್ದು ಹೋದವನು ನಾಳೆ ಬಸ್ಸಿನಲ್ಲೋ, ಮದುವೆ ಮನೆಯ ಊಟದ ಪಂಕ್ತಿಯಲ್ಲೋ ನಿಮ್ಮ ಪಕ್ಕದಲ್ಲೇ ಕೂತಿರುತ್ತಾನೆ. ಹಾಗಾಗಿ ನಾನು ಪ್ರತಿ ದಾರಿಯನ್ನೂ ಅಳೆಯುವುದು ಎರಡು ಲೆಕ್ಕದಲ್ಲಿ. ತಂತ್ರದ ಬಿಸಿ ಎಷ್ಟು ಇಳಿಯುತ್ತದೆ? ಆಟಗಾರನ ವಿಶ್ವಾಸ ಎಷ್ಟು ಉಳಿಯುತ್ತದೆ?

ಮೊದಲು ನೋಡಬೇಕಾದ್ದು

ಮದ್ದು ಹುಡುಕುವ ಮುಂಚೆ ನಷ್ಟ ಯಾರಿಗೆ ಎಂದು ಕೇಳಿಕೊಳ್ಳಿ. ನಿಮ್ಮ ಓಗರ್ ಬೇಗ ಸತ್ತಿತು ಎಂಬುದು ನಷ್ಟವೇ ಅಲ್ಲ. ಓಗರ್ ಇರುವುದೇ ಸಾಯುವುದಕ್ಕೆ. ವಿಝಾರ್ಡ್ ಒಬ್ಬನೇ ಎಲ್ಲ ಮಾಡಿ, ಫೈಟರ್ (ಕತ್ತಿ ಹಿಡಿಯುವ ಯೋಧ) ಆಡುವವರು ಕಾಳಗದುದ್ದಕ್ಕೂ ಮೊಬೈಲ್ ನೋಡುತ್ತಾ ಕೂತರೆ ಅದು ನಷ್ಟ. ಡ್ರೂಯಿಡ್‌ನ ಎಂಟು ತೋಳಗಳಿಗೆ ಎಂಟು ಸಲ ಡೈಸ್ ಹಾಕಿ, ಬಿದ್ದ ಪ್ರತಿ ಪೆಟ್ಟಿಗೂ ಎದುರಾಳಿಯ ಸ್ಟ್ರೆಂತ್ ಸೇವ್ ನೋಡಿ, ಆಮೇಲೆ ಮುಂದಿನವರ ಸರದಿ ಬರುವಷ್ಟರಲ್ಲಿ ಚಹಾ ತಣ್ಣಗಾದರೆ ಅದೂ ನಷ್ಟವೇ. ಆದರೆ ಎರಡೂ ಬೇರೆ ಬೇರೆ ನಷ್ಟ. ಮೊದಲನೆಯದರಲ್ಲಿ ಶಕ್ತಿ ಜಾಸ್ತಿಯಾಗಿದೆ, ಎರಡನೆಯದರಲ್ಲಿ ಹೊತ್ತು ಹೋಗುತ್ತಿದೆ. ಒಂದರ ಮದ್ದು ಇನ್ನೊಂದಕ್ಕೆ ತಾಗುವುದಿಲ್ಲ.

ಇನ್ನೊಂದು ಮಾತು. ಪುಸ್ತಕ ತೆಗೆದು ಆ ಸ್ಪೆಲ್ಲನ್ನು ಇಡಿಯಾಗಿ ಓದಿ, ಸಾಧ್ಯವಾದರೆ ಎಲ್ಲರಿಗೂ ಕೇಳುವ ಹಾಗೆ. ನಮ್ಮ ಬದಿಯಲ್ಲಿ ಪುಸ್ತಕ ಇಂಗ್ಲಿಷಿನಲ್ಲಿ, ಮೇಜಿನ ಮಾತು ಕನ್ನಡ, ತುಳು, ಮಲಯಾಳ ಎಲ್ಲ ಕಲಸಿ. ನಿಯಮ ಬಾಯಿಂದ ಬಾಯಿಗೆ ಬರುವಾಗ ಷರತ್ತುಗಳು ಉದುರಿಹೋಗುತ್ತವೆ. ಹಿಪ್ನಾಟಿಕ್ ಪ್ಯಾಟರ್ನ್‌ನಲ್ಲಿ ಸಿಕ್ಕಿದ ಓಗರ್‌ಗೆ ಪೆಟ್ಟು ಬಿದ್ದರೆ ಅದು ಎಚ್ಚರವಾಗುತ್ತದೆ. ಪಕ್ಕದಲ್ಲಿದ್ದವರು ತಮ್ಮ ಆ್ಯಕ್ಷನ್ ಖರ್ಚು ಮಾಡಿ ಅಲುಗಾಡಿಸಿದರೂ ಎಚ್ಚರವಾಗುತ್ತದೆ. ವಿಝಾರ್ಡ್‌ಗೆ ಪೆಟ್ಟು ಬಿದ್ದರೆ ಕಾನ್ಸನ್ಟ್ರೇಷನ್ ಸೇವ್ ಬೇಕು, ಸೋತರೆ ಸ್ಪೆಲ್ ಅಲ್ಲೇ ಮುಗಿಯುತ್ತದೆ. ಡಿಸಿ 10, ಅಥವಾ ಬಿದ್ದ ಪೆಟ್ಟಿನ ಅರ್ಧ, ಯಾವುದು ದೊಡ್ಡದೋ ಅದು. ಕಾನ್ಸನ್ಟ್ರೇಷನ್ ಬೇಕಾದ ಎರಡು ಸ್ಪೆಲ್ ಒಟ್ಟಿಗೆ ನಡೆಯುವುದಿಲ್ಲ. ಖರ್ಚಾದ ಶಕ್ತಿ ಮರಳಿ ಬರುವ ಲಾಂಗ್ ರೆಸ್ಟ್‌ನ ಫಲ 2014ರ ನಿಯಮದಲ್ಲಿ 24 ಗಂಟೆಯಲ್ಲಿ ಒಮ್ಮೆ ಮಾತ್ರ. ಒಂದು ತಂತ್ರಕ್ಕೆ ಸೋಲೇ ಇಲ್ಲ ಎಂದು ಕಂಡಾಗ, ಇವುಗಳಲ್ಲಿ ಒಂದನ್ನು ಯಾರೋ ಮರೆತಿದ್ದಾರೆಯೇ ಎಂದು ನೋಡಿ. ಇದಕ್ಕೆ ಖರ್ಚೂ ಇಲ್ಲ, ಜಗಳವೂ ಇಲ್ಲ.

ಸುಮ್ನೆ ಬಿಟ್ಟುಬಿಡುವುದು

ಡಿಎಂಗಳು ಹೆಚ್ಚು ಬಳಸದ ದಾರಿ ಇದು. ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಬಳಸಬೇಕಾದ್ದೂ ಇದೇ.

ಒಂದು ಉದಾಹರಣೆ. ಡ್ರೂಯಿಡ್ ನೆಲದ ಮೇಲೆ ಸ್ಪೈಕ್ ಗ್ರೋತ್ ಹಾಕುತ್ತಾಳೆ. ಆ ಮುಳ್ಳಿನ ಜಾಗದಲ್ಲಿ ಪ್ರತಿ 5 ಅಡಿ ಸರಿದರೂ 2ಡಿ4 ಪೆಟ್ಟು, ಅಂದರೆ ನಾಲ್ಕು ಮುಖದ ಎರಡು ಡೈಸ್‌ನ ಮೊತ್ತ. ವಾರ್ಲಾಕ್ ಎಂಬ ಇನ್ನೊಬ್ಬ ಮಾಂತ್ರಿಕ ತನ್ನ ಎಲ್ಡ್ರಿಚ್ ಬ್ಲಾಸ್ಟ್ ಎಂಬ ಕಿರಣದ ಸ್ಪೆಲ್‌ಗೆ ರಿಪೆಲಿಂಗ್ (ತಳ್ಳುವ ಶಕ್ತಿ) ಸೇರಿಸಿಕೊಂಡಿದ್ದಾನೆ. ತಾಗಿದ ಪ್ರತಿ ಕಿರಣ 10 ಅಡಿ ತಳ್ಳುತ್ತದೆ. ಐದನೇ ಲೆವೆಲ್‌ನಲ್ಲಿ ಎರಡು ಕಿರಣ. ಎರಡೂ ತಾಗಿದರೆ 20 ಅಡಿ, ಅಂದರೆ 8ಡಿ4, ಸರಾಸರಿ 20 ಪೆಟ್ಟು. ಕಿರಣದ್ದು ಬೇರೆ. ಫೈರ್‌ಬಾಲ್‌ನ 8ಡಿ6ರ ಸರಾಸರಿ 28 ಎಂದು ನೆನಪಿಟ್ಟರೆ ಇದು ಸಣ್ಣದಲ್ಲ ಎಂದು ಗೊತ್ತಾಗುತ್ತದೆ. ಅದೂ ಪ್ರತಿ ರೌಂಡ್, ಇನ್ನೊಂದು ಸ್ಪೆಲ್ ಸ್ಲಾಟ್ (ರೆಸ್ಟ್ ಮಾಡುವ ತನಕ ಇಷ್ಟೇ ಎಂದು ಸಿಗುವ ಸ್ಪೆಲ್ ಲೆಕ್ಕ) ಖರ್ಚಿಲ್ಲದೆ.

ಇದನ್ನು ಮುಟ್ಟಬೇಡಿ. ಇಬ್ಬರು ಕೂತು ಮಾತಾಡಿ, ಒಬ್ಬರ ಸರದಿಗೆ ಇನ್ನೊಬ್ಬರು ಕಾದು ಕಟ್ಟಿದ ಉಪಾಯ ಇದು. ನಾವು ಎಲ್ಲರನ್ನೂ ಒಟ್ಟಿಗೆ ಕೂರಿಸುವುದೇ ಇದಕ್ಕಾಗಿ ಅಲ್ವಾ? ಒಬ್ಬನೇ ಮಾಡುವ ತಂತ್ರಕ್ಕೂ ಇಬ್ಬರು ಸೇರಿ ಮಾಡುವ ತಂತ್ರಕ್ಕೂ ಒಂದೇ ಮದ್ದು ಕೊಡುವ ಡಿಎಂ ಮೇಜಿನ ಒಗ್ಗಟ್ಟನ್ನು ತಾನೇ ಒಡೆಯುತ್ತಾನೆ. ಹೊಸ ಉಪಾಯ ಮೊದಲ ಸಲ ಗೆದ್ದಾಗಲೂ ಅಷ್ಟೇ, ಪೂರ್ತಿ ಗೆಲ್ಲಲಿ. ಓಗರ್‌ಗಳು ಬಿದ್ದದ್ದನ್ನು ಚಂದ ಮಾಡಿ ವರ್ಣಿಸಿ. ಈ ದಾರಿಯಲ್ಲಿ ವಿಶ್ವಾಸ ಕಳೆಯುವುದಿಲ್ಲ, ಹೆಚ್ಚುತ್ತದೆ. ಬೆಲೆ ಇಷ್ಟೇ, ಅದೇ ತಂತ್ರ ಐದಾರು ಸಲ ಹಾಗೇ ಗೆದ್ದರೆ ಎಲ್ಲರಿಗೂ ಬೇಜಾರು ಬರುತ್ತದೆ. ಬೇಜಾರು ಬರುವ ಮೊದಲು ಮುಂದಿನ ದಾರಿಗೆ ಹೋಗಿ.

ಎದುರಾಳಿಗೆ ಬುದ್ಧಿ ಕೊಡುವುದು

ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ನಾಡಿನವರಿಗೆ, ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆ ಗೊತ್ತು. ಮರದ ಮರೆಯಿಂದ ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳಿದಾಗ ರಾಮನ ಪರವಾಗಿ ಮಾತಾಡುವ ಅರ್ಥಧಾರಿ ಉತ್ತರ ಹುಡುಕಲೇಬೇಕು. ಭಾಗವತರು ಜಾಗಟೆ ಬಾರಿಸಿ ವಾಲಿಯ ಬಾಯಿ ಮುಚ್ಚಿಸುವುದಿಲ್ಲ. ವಾದಕ್ಕೆ ವಾದವೇ ಎದುರು. ಡಿಎಂ ಮಾಡಬೇಕಾದ್ದೂ ಇದನ್ನೇ. ಆಟಗಾರನ ತಂತ್ರಕ್ಕೆ ಕಥೆಯೊಳಗಿನ ಎದುರಾಳಿ ಉತ್ತರ ಹುಡುಕಲಿ.

ಇದಕ್ಕೆ ನಾನು ಎರಡು ಷರತ್ತು ಹಾಕಿಕೊಂಡಿದ್ದೇನೆ. ಒಂದು, ಎದುರಾಳಿಗೆ ಆ ತಂತ್ರದ ಸುದ್ದಿ ತಲುಪಿರಬೇಕು. ಓಡಿಹೋದ ಒಬ್ಬ ಗಾಬ್ಲಿನ್ ಹೋಗಿ ಹೇಳಿದನೇ? ದೂರದ ಗುಡ್ಡೆಯಿಂದ ಯಾರಾದರೂ ನೋಡಿದರೇ? ಯಾರೂ ಉಳಿಯದ ಹಾಗೆ ತಂಡ ಮುಗಿಸಿದ್ದರೆ ಗುಟ್ಟು ಗುಟ್ಟಾಗಿಯೇ ಇರಲಿ. ಅದೂ ಅವರು ಗಳಿಸಿದ್ದೇ. ಎರಡು, ಅದಕ್ಕೆ ತಕ್ಕ ಬುದ್ಧಿ ಇರಬೇಕು. ಓಗರ್‌ನ ಇಂಟೆಲಿಜೆನ್ಸ್ ಬರೀ 5. ಅದು ಏಕಾಏಕಿ ಯುದ್ಧತಂತ್ರ ಶುರುಮಾಡಿದರೆ, ಅದರ ಬಾಯಲ್ಲಿ ಡಿಎಂ ಮಾತಾಡುತ್ತಿದ್ದಾನೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಓಗರ್‌ಗಳಿಗೆ ಒಬ್ಬ ಜಾಣ ಹಾಬ್‌ಗಾಬ್ಲಿನ್ ನಾಯಕನನ್ನು ಕೊಡಿ. ಅವನು ಕೂಗಿ ಹೇಳಲಿ, "ಗುಂಪಾಗಿ ನಿಲ್ಲಬೇಡಿ!"

ಉತ್ತರ ಎಂಥದ್ದಿರಬೇಕು? ಎದುರಾಳಿಗಳು ಹಿಪ್ನಾಟಿಕ್ ಪ್ಯಾಟರ್ನ್ ಹರಡುವ 30 ಅಡಿಯ ಘನದೊಳಗೆ ಎಲ್ಲರೂ ಸಿಗದ ಹಾಗೆ ಚದುರಿ ಬರಬಹುದು. ಇಬ್ಬರು ಬಿಲ್ಲುಗಾರರು ವಿಝಾರ್ಡ್‌ನನ್ನೇ ನೋಡಿ ಹೊಡೆಯಬಹುದು. ಒಬ್ಬ ಇನ್ನೊಬ್ಬನನ್ನು ಅಲುಗಾಡಿಸಿ ಎಬ್ಬಿಸಬಹುದು. ಈ ಕೊನೆಯದು ನನಗೆ ತುಂಬ ಇಷ್ಟ. ಎಬ್ಬಿಸುವವನ ಆ್ಯಕ್ಷನ್ ಅದರಲ್ಲೇ ಹೋಗುತ್ತದೆ. ಎದುರಾಳಿ ಪೂರ್ತಿ ಸೋತಿಲ್ಲ, ವಿಝಾರ್ಡ್‌ನ ಸ್ಪೆಲ್ಲೂ ವ್ಯರ್ಥವಾಗಿಲ್ಲ. ಒಳ್ಳೆಯ ಉತ್ತರದ ಗುರುತೇ ಅದು. ಆಟಗಾರನ ತಂತ್ರ ಕುಗ್ಗುತ್ತದೆ, ಸಾಯುವುದಿಲ್ಲ.

ಇದಕ್ಕೆ ತೀರಾ ಹತ್ತಿರದಲ್ಲಿ ಒಂದು ಕೆಟ್ಟ ದಾರಿ ಇದೆ. ಘೂಲ್ ಎಂಬ ಹೆಣ ತಿನ್ನುವ ಪಿಶಾಚಿಗಳಿಗೆ, ಆ್ಯನಿಮೇಟೆಡ್ ಆರ್ಮರ್‌ಗಳಿಗೆ ಹಿಪ್ನಾಟಿಕ್ ಪ್ಯಾಟರ್ನ್‌ನಂಥ ಮೋಡಿ ತಾಗುವುದೇ ಇಲ್ಲ. ಇನ್ನು ಮುಂದೆ ಬರುವುದೆಲ್ಲ ಘೂಲ್ ಮತ್ತು ನಡೆಯುವ ಕವಚ ಎಂದು ಮಾಡಿಬಿಟ್ಟರೆ ವಿಝಾರ್ಡ್‌ನ ಕೈ ಕಟ್ಟಿದ ಹಾಗೆ. ಆತ ಕೇಳುವುದಿಲ್ಲ, ಆದರೆ ಅವನಿಗೆ ಅರ್ಥವಾಗುತ್ತದೆ. ಒಂದು ಕಾಳಗದಲ್ಲಿ ಘೂಲ್ ಬರಲಿ, ಮುಂದಿನದರಲ್ಲಿ ಗಾಬ್ಲಿನ್‌ಗಳೇ ಗುಂಪಾಗಿ ಬರಲಿ.

ಜಾಗ ಮತ್ತು ಗುರಿ ಬದಲಿಸುವುದು

ಶಕ್ತಿ ಒಬ್ಬನಲ್ಲೇ ಜಾಸ್ತಿಯಾದಾಗ ನಾನು ಮೊದಲು ಕೈಹಾಕುವುದು ಇದಕ್ಕೆ. ನಿಯಮ ಮುಟ್ಟುವ ಹಾಗಿಲ್ಲ, ಎದುರಾಳಿಗೆ ವಿಶೇಷ ಬುದ್ಧಿ ಬೇಕಿಲ್ಲ, ಆಟಗಾರರಿಗೆ ಹೊಸ ಯೋಚನೆಗೆ ದಾರಿ ಸಿಗುತ್ತದೆ.

2014ರ ನಿಯಮದ ಬಿಲ್ಲುಗಾರನನ್ನು ತೆಗೆದುಕೊಳ್ಳಿ. ಶಾರ್ಪ್‌ಶೂಟರ್ ಎಂಬ ಫೀಟ್ (ಆಟಗಾರ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ) ಇದ್ದರೆ ಗುರಿಗೆ 5 ಕಳೆದು ಪೆಟ್ಟಿಗೆ 10 ಸೇರಿಸಬಹುದು. ಲಾಂಗ್‌ಬೋ 600 ಅಡಿ ಹೋಗುತ್ತದೆ. ಪೊಸಡಿ ಗುಂಪೆಯಂಥ ಬೋಳು ಗುಡ್ಡದ ಮೇಲೆ ಕಾಳಗ ಇಟ್ಟರೆ ಎದುರಾಳಿ ಹತ್ತಿರ ಬರುವ ಮೊದಲೇ ಮುಗಿಯುತ್ತದೆ. ಅದೇ ಕಾಳಗವನ್ನು ನಮ್ಮ ಸುರಂಗದೊಳಗೆ ಇಡಿ.

ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಮುರಕಲ್ಲಿನಲ್ಲಿ ಕೊರೆದ ಸುರಂಗ ಕಾಸರಗೋಡಿನ ತೋಟದವರಿಗೆ ಹೊಸದಲ್ಲ. ಅದರೊಳಗೆ ಒಮ್ಮೆ ಹೋದವರಿಗೆ ಡಂಜನ್ ಅಂದರೆ ಏನೆಂದು ವಿವರಿಸಬೇಕಿಲ್ಲ. ಇಬ್ಬರು ಪಕ್ಕಪಕ್ಕ ನಡೆಯಲು ಆಗುವುದಿಲ್ಲ. ಕಾಲಡಿ ನೀರು ಹರಿಯುತ್ತಿರುತ್ತದೆ. ಹತ್ತು ಹೆಜ್ಜೆ ಒಳಗೆ ಹೋದರೆ ಬಾಗಿಲಿನ ಬೆಳಕು ಸಣ್ಣದಾಗುತ್ತದೆ, ಒಂದು ತಿರುವು ಬಂದರೆ ಅದೂ ಇಲ್ಲ. ಇಲ್ಲಿ 600 ಅಡಿಯ ಬಿಲ್ಲಿಗೆ ಏನು ಕೆಲಸ? ಎಂಟು ತೋಳಗಳು ಬಂದರೂ ಮುಂದಿರುವ ಒಂದೇ ಕಚ್ಚಬಹುದು. ಉಳಿದ ಏಳು ಅದರ ಹಿಂದೆ ಸಾಲಾಗಿ ನಿಂತಿರುತ್ತವೆ, ಡೈಸ್ ಹಾಕುವ ಕೆಲಸವೂ ಉಳಿಯಿತು. ಈಗ ಮುಂದೆ ನಿಲ್ಲುವ ಫೈಟರ್‌ನ ಬೆಲೆ ಗೊತ್ತಾಗುತ್ತದೆ. ಇಷ್ಟು ದಿನ ಮೊಬೈಲ್ ನೋಡುತ್ತಿದ್ದ ಆಟಗಾರನೇ ಇವತ್ತು ತಂಡದ ಬಾಗಿಲು.

ಫೈರ್‌ಬಾಲ್ ಬಗ್ಗೆ ಒಂದು ಅಡ್ಡಮಾತು. 1978ರಲ್ಲಿ ಬಂದ ಹಳೆಯ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಫೈರ್‌ಬಾಲ್‌ನ ಬೆಂಕಿ ಜಾಗದ ಆಕಾರಕ್ಕೆ ತಕ್ಕಂತೆ ಹರಡುತ್ತಿತ್ತು. ಇಕ್ಕಟ್ಟಿನ ದಾರಿಯಲ್ಲಿ ಹಾಕಿದರೆ ಹಿಂದಕ್ಕೆ ಉಕ್ಕಿ ಹಾಕಿದವನನ್ನೇ ಸುಡಬಹುದಿತ್ತು. 2014ರ ಐದನೇ ಎಡಿಷನ್‌ನಲ್ಲಿ ಅದಿಲ್ಲ, 20 ಅಡಿ ತ್ರಿಜ್ಯದ ಗೋಳ, ಮೂಲೆ ತಿರುಗುತ್ತದೆ ಅಷ್ಟೇ. ಹಳೆಯ ನಿಯಮ ನಿಮಗೆ ಇಷ್ಟವಾದರೆ ತನ್ನಿ. ಆದರೆ ಸುರಂಗದ ಬಾಯಲ್ಲಿ ನಿಂತಾಗಲೇ ಎಲ್ಲರಿಗೂ ಹೇಳಿಬಿಡಿ, ಒಳಗೆ ಬೆಂಕಿ ಹಾಕಿದ ಮೇಲೆ ಅಲ್ಲ.

ಗುರಿ ಬದಲಿಸುವುದು ಇದಕ್ಕಿಂತಲೂ ಗಟ್ಟಿ. ಮಳೆಗಾಲ, ಚಂದ್ರಗಿರಿ ಹೊಳೆ ತುಂಬಿ ಹರಿಯುತ್ತಿದೆ. ಕಾಯಿಲೆ ಬಿದ್ದ ಅಜ್ಜಿಯನ್ನು ದೋಣಿಯಲ್ಲಿ ಆಚೆ ದಾಟಿಸಬೇಕು, ದಡದಲ್ಲಿ ಕಳ್ಳರಿದ್ದಾರೆ. ಎಲ್ಲ ಕಳ್ಳರನ್ನೂ ಮಂಕು ಹಿಡಿಸಿದರೂ ದೋಣಿ ತಾನಾಗಿ ದಾಟುವುದಿಲ್ಲ. ಒಬ್ಬರು ಹುಟ್ಟು ಹಾಕಬೇಕು, ಒಬ್ಬರು ಅಜ್ಜಿಯನ್ನು ಹಿಡಿದುಕೊಳ್ಳಬೇಕು, ಒಬ್ಬರು ಬೆನ್ನು ಕಾಯಬೇಕು. ವಿಝಾರ್ಡ್‌ನ ಸ್ಪೆಲ್ ಬಹಳ ಉಪಕಾರ ಮಾಡುತ್ತದೆ, ಆದರೆ ಕೆಲಸ ಎಲ್ಲರಿಗೂ ಉಳಿಯುತ್ತದೆ. ಬೇಕಲ ಕೋಟೆಯಂಥ ಜಾಗ ಇದ್ದರೆ ಹೀಗೂ ಮಾಡಬಹುದು: ಕಡಲಿನಿಂದ ಬರುವ ಹಡಗು ಕಾಣುವಷ್ಟು ಹೊತ್ತು ಬುರುಜನ್ನು ಬಿಟ್ಟುಕೊಡದೆ ಇರಬೇಕು. ಅಲೆ ಅಲೆಯಾಗಿ ಬರುವವರ ಮೇಲೆ ಒಂದೇ ಸ್ಪೆಲ್ ಹಾಕಿದರೆ ಮೊದಲ ಅಲೆ ಮಾತ್ರ ನಿಲ್ಲುತ್ತದೆ.

ಬೆಲೆ ಏನು? ತಯಾರಿಗೆ ಹೊತ್ತು ಬೇಕು. ಮತ್ತೆ, ಬಿಲ್ಲುಗಾರನನ್ನು ಯಾವಾಗಲೂ ಸುರಂಗಕ್ಕೇ ಕರೆದುಕೊಂಡು ಹೋದರೆ ಇದೂ ಕೈ ಕಟ್ಟಿದ ಹಾಗೆಯೇ. ಅವನಿಗೆ ಗುಡ್ಡದ ಮೇಲಿನ ಕಾಳಗವೂ ಸಿಗಬೇಕು.

ದಣಿಸುವುದು

2014ರ ಡಿಎಂ ಪುಸ್ತಕದ ಲೆಕ್ಕದಲ್ಲಿ ತಂಡವೊಂದು ಒಂದು ದಿನಕ್ಕೆ 6ರಿಂದ 8 ಮಧ್ಯಮ ಅಥವಾ ಕಷ್ಟದ ಕಾಳಗ ತಡೆದುಕೊಳ್ಳುತ್ತದೆ. ಸ್ಪೆಲ್ ಸ್ಲಾಟ್‌ಗಳನ್ನು ಅಳೆದು ಖರ್ಚು ಮಾಡಬೇಕಾದ್ದು ಆಗ. ನಿಜವಾಗಿ ಎಷ್ಟು ಮೇಜುಗಳಲ್ಲಿ ಹಾಗೆ ನಡೆಯುತ್ತದೆ? ಒಂದು ಸಂಜೆಗೆ ಒಂದು ಕಾಳಗ, ಹೆಚ್ಚೆಂದರೆ ಎರಡು. ವಿಝಾರ್ಡ್ ತನ್ನ ದೊಡ್ಡ ಸ್ಪೆಲ್‌ಗಳನ್ನೆಲ್ಲ ಅಲ್ಲೇ ಸುರಿಯುತ್ತಾನೆ. ತಪ್ಪು ಅವನದ್ದಲ್ಲ, ವೇಳಾಪಟ್ಟಿಯದ್ದು.

ಆಟದೊಳಗಿನ ಒಂದು ದಿನವನ್ನು ಎರಡು ಮೂರು ಸಂಜೆಗೆ ಹರಡುವುದು ಸುಲಭದ ಮದ್ದು. ಸೆಷನ್ ಮುಗಿಯಿತು ಎಂದ ಕೂಡಲೇ ಲಾಂಗ್ ರೆಸ್ಟ್ ಆಯಿತು ಎಂದುಕೊಳ್ಳುವ ಅಭ್ಯಾಸ ಬಿಡಿ. ಅದೇ ಪುಸ್ತಕದಲ್ಲಿ ಇನ್ನೂ ಖಾರದ ಐಚ್ಛಿಕ ನಿಯಮ ಒಂದಿದೆ: ಶಾರ್ಟ್ ರೆಸ್ಟ್ 8 ಗಂಟೆ, ಲಾಂಗ್ ರೆಸ್ಟ್ 7 ದಿನ. ನಿಧಾನದ ಕಥೆಗೆ ಹೊಂದುತ್ತದೆ, ಸುರಂಗ ಹೊಕ್ಕು ಹೊರಡುವ ಕಥೆಗೆ ಹೊಂದುವುದಿಲ್ಲ.

ಟೈನಿ ಹಟ್ ಎಂಬ ಗುಮ್ಮಟದ ಕಾಟ ಇರುವಲ್ಲಿ ಅದನ್ನು ಒಡೆಯಲು ಹೋಗಬೇಡಿ. ಎಂಟು ಗಂಟೆ ಯಾರೂ ಒಳಗೆ ಬರುವುದಿಲ್ಲ, ಸರಿ. ಆ ಎಂಟು ಗಂಟೆಯಲ್ಲಿ ಹೊರಗಿನವರು ಏನು ಮಾಡುತ್ತಾರೆ? ಗಂಟುಮೂಟೆ ಕಟ್ಟಿಕೊಂಡು ಓಡಬಹುದು. ಸುತ್ತ ಕಂದಕ ತೋಡಬಹುದು. ಸೆರೆಯಾಳನ್ನು ಬೇರೆ ಕಡೆ ಸಾಗಿಸಬಹುದು. ಮಲಗುವ ಮೊದಲು ತಂಡಕ್ಕೆ ಆ ಸಾಧ್ಯತೆ ಗೊತ್ತಿದ್ದರೆ, ರೆಸ್ಟ್ ಅನ್ನುವುದು ಒಂದು ನಿಜವಾದ ತೀರ್ಮಾನವಾಗುತ್ತದೆ.

ಅಂಕಿ ಏರಿಸುವುದು ಮತ್ತು ಲೆಜೆಂಡರಿ ರೆಸಿಸ್ಟೆನ್ಸ್

ಓಗರ್‌ನ 59 ಹಿಟ್ ಪಾಯಿಂಟನ್ನು (ಎಷ್ಟು ಪೆಟ್ಟು ತಡೆಯುತ್ತದೆ ಎಂಬ ಲೆಕ್ಕ) ಗುಟ್ಟಾಗಿ 120 ಮಾಡುವುದು ನನಗೆ ಸರಿ ಕಾಣುವುದಿಲ್ಲ. ಪೆಟ್ಟು ಕೊಡುವವರ ಕೆಲಸ ಎರಡು ಪಟ್ಟಾಗುತ್ತದೆ, ಹಿಪ್ನಾಟಿಕ್ ಪ್ಯಾಟರ್ನ್‌ಗೆ ಹಿಟ್ ಪಾಯಿಂಟ್ ಲೆಕ್ಕಕ್ಕೇ ಬರುವುದಿಲ್ಲ. ಅಂದರೆ ವಿಝಾರ್ಡ್ ಹಾಗೇ ಇದ್ದಾನೆ, ಪಾಪ ಫೈಟರ್‌ಗೆ ಶಿಕ್ಷೆ.

ದೊಡ್ಡ ಡ್ರಾಗನ್‌ಗಳಿಗೆ ದಿನಕ್ಕೆ 3 ಸಲ ಸೋತ ಸೇವನ್ನು ಗೆಲ್ಲಿಸಿಕೊಳ್ಳುವ ಲೆಜೆಂಡರಿ ರೆಸಿಸ್ಟೆನ್ಸ್ ಇದೆ. ಕಥೆಯ ಮುಖ್ಯ ಎದುರಾಳಿಗೆ ಇದು ಬೇಕು. ಬಳಸಿದಾಗ ಬಾಯಿಬಿಟ್ಟು ಹೇಳಿ, "ಇದು ಒಂದು ಹೋಯಿತು, ಇನ್ನೆರಡು ಉಂಟು." ಆಗ ಸ್ಪೆಲ್ ವ್ಯರ್ಥ ಎನಿಸುವುದಿಲ್ಲ, ಕೋಟೆಯ ಒಂದು ಗೋಡೆ ಬಿತ್ತು ಎನಿಸುತ್ತದೆ. ಮುಚ್ಚಿಟ್ಟು ಬಳಸಿದರೆ ಮೋಸ ಎನಿಸುತ್ತದೆ.

ಉಳಿದವರನ್ನು ಮೇಲೆತ್ತುವುದೂ ಒಂದು ದಾರಿ. ಫೈಟರ್‌ಗೆ ಒಂದು ಒಳ್ಳೆಯ ಮ್ಯಾಜಿಕ್ ಕತ್ತಿ, ರೋಗ್‌ಗೆ (ಕಳ್ಳ ಕೈಚಳಕದ ಪಾತ್ರ) ಹಾರುವ ಬೂಟು. ಯಾರಿಗೂ ನೋವಿಲ್ಲ. ಆದರೆ ಎಲ್ಲರ ಶಕ್ತಿ ಏರುತ್ತಾ ಹೋಗುತ್ತದೆ, ಮುಂದಿನ ಕಾಳಗ ಕಟ್ಟುವುದು ನಿಮಗೇ ಕಷ್ಟ.

ನಿಯಮ ಬದಲಿಸುವುದು, ನಿಷೇಧಿಸುವುದು

ಹೊತ್ತು ತಿನ್ನುವ ತಂತ್ರಕ್ಕೆ ಇದೇ ಸರಿಯಾದ ಮದ್ದು. ಎಂಟು ತೋಳಗಳ ವಿಷಯದಲ್ಲಿ ಆಟ ತಯಾರಿಸಿದವರೇ ಇದನ್ನು ಒಪ್ಪಿದ ಹಾಗಿದೆ. 2024ರ ಹೊಸ ನಿಯಮದಲ್ಲಿ, ತೋಳ ಕರೆಸುವ ಸ್ಪೆಲ್ ಆದ ಕಾಂಜ್ಯೂರ್ ಆ್ಯನಿಮಲ್ಸ್ ಹಾಕಿದರೆ ಬೇರೆ ಬೇರೆ ಪ್ರಾಣಿಗಳು ಬರುವುದಿಲ್ಲ. ಇಡೀ ಹಿಂಡು ಒಂದೇ ವಸ್ತುವಿನ ಹಾಗೆ ಸರಿಯುತ್ತದೆ. ಶಾರ್ಪ್‌ಶೂಟರ್‌ನ 5 ಕಳೆದು 10 ಸೇರಿಸುವ ಲೆಕ್ಕವನ್ನೂ ಅಲ್ಲಿ ತೆಗೆದಿದ್ದಾರೆ. ಇನ್ನೊಬ್ಬರ ಸ್ಪೆಲ್ ತಡೆಯುವ ಕೌಂಟರ್‌ಸ್ಪೆಲ್‌ಗೆ ಈಗ ಎದುರಾಳಿ ಕಾನ್ಸ್ಟಿಟ್ಯೂಷನ್ ಸೇವ್ ಮಾಡಬಹುದು. ನೀವು 2014ರ ಪುಸ್ತಕದಲ್ಲೇ ಇದ್ದರೂ ಆ ಒಂದೊಂದು ಸ್ಪೆಲ್ಲನ್ನು ಮಾತ್ರ ಹೊಸದರಿಂದ ತಂದುಕೊಳ್ಳಬಹುದು. ಸ್ವಂತ ನಿಯಮ ಬರೆಯುವುದಕ್ಕಿಂತ ಇದು ಒಳ್ಳೆಯದು.

ಆಟವನ್ನೇ ಬದಲಿಸುವ ಮನಸ್ಸಿದ್ದರೆ 2019ರಲ್ಲಿ ಬಂದ ಪಾಥ್‌ಫೈಂಡರ್ ಎರಡನೇ ಎಡಿಷನ್ ನೋಡಿ. ಒಂದೇ ಏಟಿಗೆ ಕಾಳಗ ಮುಗಿಸುವ ಸ್ಪೆಲ್‌ಗಳಿಗೆ ಅಲ್ಲಿ ಒಂದು ಗುರುತು ಹಾಕಿದ್ದಾರೆ. ಎದುರಾಳಿಯ ಲೆವೆಲ್ ಸ್ಪೆಲ್‌ನ ರ್‍ಯಾಂಕ್‌ನ ಎರಡು ಪಟ್ಟಿಗಿಂತ ಜಾಸ್ತಿ ಇದ್ದರೆ ಅದರ ಸೇವ್‌ನ ಫಲ ಒಂದು ಮೆಟ್ಟಿಲು ಮೇಲೇರುತ್ತದೆ. ಹಾಗಾಗಿ ಸಣ್ಣವರ ಮೇಲೆ ಸ್ಪೆಲ್ ಪೂರ್ತಿ ನಡೆಯುತ್ತದೆ, ನಾಯಕನ ಮೇಲೆ ಸ್ವಲ್ಪ. ಚೊಕ್ಕ ಪರಿಹಾರ. ಆದರೆ ಹೊಸ ಪುಸ್ತಕ, ಹೊಸ ಲೆಕ್ಕ ಎಲ್ಲ ಕಲಿಯಬೇಕು. ಒಂದು ಸ್ಪೆಲ್‌ನ ತಲೆಬಿಸಿಗೆ ಅಷ್ಟು ಬೇಡ.

ಬದಲಾವಣೆ ಯಾವುದೇ ಇರಲಿ, ಆಟ ಇಲ್ಲದ ಹೊತ್ತಿನಲ್ಲಿ ಆ ಆಟಗಾರನ ಹತ್ತಿರ ಮೊದಲು ಮಾತಾಡಿ. ಎಲ್ಲರ ಎದುರು ಬೇಡ. ಜಗಲಿಯಲ್ಲಿ ಕೂತು ಹೀಗೆ ಕೇಳಿದರೆ ಸಾಕು:

"ಭಾವ, ನಿನ್ನ ತೋಳಗಳು ಭಾರೀ ಲಾಯ್ಕ ಉಂಟು. ಆದ್ರೆ ನಿನ್ನ ಸರದಿ ಮುಗಿಯುವಾಗ ಉಳಿದವರಿಗೆ ಕಾದು ಕಾದು ಸಾಕಾಗ್ತದೆ. ಎಂಥ ಮಾಡುವ?"

"ಎಂಥ ಮಾಡುವ" ಎಂದು ಕೇಳಿದ್ದೀರಿ, "ಇನ್ನು ಅದು ಬೇಡ" ಎಂದಿಲ್ಲ. ಹೆಚ್ಚಿನವರು ತಾವೇ ಒಂದು ದಾರಿ ಹೇಳುತ್ತಾರೆ. ಎಂಟರ ಬದಲು ಎರಡು ದೊಡ್ಡ ಪ್ರಾಣಿ ತರುತ್ತೇನೆ, ಇಲ್ಲವೇ ಎಲ್ಲ ಡೈಸ್ ಒಟ್ಟಿಗೆ ಹಾಕಿ ಲೆಕ್ಕ ಮೊದಲೇ ಮಾಡಿಡುತ್ತೇನೆ ಅಂತ. ಆಟಗಾರ ತಾನೇ ಹೇಳಿದ ಮಿತಿಯನ್ನು ಡಿಎಂ ಹಾಕಿದ ಮಿತಿಗಿಂತ ಚೆನ್ನಾಗಿ ಪಾಲಿಸುತ್ತಾನೆ.

ಪೂರ್ತಿ ನಿಷೇಧ ನನ್ನ ಪಟ್ಟಿಯಲ್ಲಿ ಕೊನೆಯದು. ಆದರೂ ಒಂದು ಹೊತ್ತಿನಲ್ಲಿ ಅದೇ ಸರಿ: ಆಟ ಶುರುವಾಗುವ ಮೊದಲು, ಕ್ಯಾರೆಕ್ಟರ್ ಕಟ್ಟುವ ದಿನ. "ನಮ್ಮ ಮೇಜಿನಲ್ಲಿ ಸಿಲ್ವರಿ ಬಾರ್ಬ್ಸ್ ಎಂಬ ಸ್ಪೆಲ್ ಇಲ್ಲ" ಎಂದು ಆಗಲೇ ಹೇಳಿದರೆ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ. ಆಟದ ನಡುವೆ ತೆಗೆಯಲೇಬೇಕಾಗಿ ಬಂದರೆ, ಕಾಳಗದ ಮಧ್ಯೆ ತೆಗೆಯಬೇಡಿ, ಮುಂದಿನ ಸೆಷನ್‌ನಿಂದ ಎನ್ನಿ. ಆ ಸ್ಪೆಲ್‌ನ ಬದಲು ಬೇರೊಂದನ್ನು ಖರ್ಚಿಲ್ಲದೆ ಆರಿಸಲು ಬಿಡಿ. ಫೀಟ್ ಆಗಿದ್ದರೆ ಫೀಟ್ ಬದಲಿಸಲು, ಇಡೀ ಕ್ಯಾರೆಕ್ಟರ್ ಅದರ ಮೇಲೇ ನಿಂತಿದ್ದರೆ ಅದನ್ನೇ ಹೊಸದಾಗಿ ಕಟ್ಟಲು ಬಿಡಿ. ಒಪ್ಪಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಬರೆದಿಡಿ, ತಾರೀಕು ಹಾಕಿ. ಅದೇ ನಿಯಮ ನಿಮ್ಮ ಮಾನ್‌ಸ್ಟರ್‌ಗಳಿಗೂ ಅನ್ವಯ ಎಂದು ಕೆಳಗೆ ಒಂದು ಸಾಲು ಸೇರಿಸಿ.